ಅಣ್ಣನ ಮೂಗು, ನನ್ನ ಹೊಲಿಗೆ

ದಿನಾ ಬೆಳಿಗ್ಗೆ ಏಳು ಗಂಟೆಗೆ ನಾನು ಅಣ್ಣನಿಗೆ ಫೋನ್ ಮಾಡುತ್ತೇನೆ. ಆತ ಇರುವುದು ಅಂಕೋಲೆಯ ಕೇಣಿಯಲ್ಲಿ, ನನ್ನ ತವರಿನಲ್ಲಿ. ನಾನು ಕಾರವಾರದ ಕೋಡಿಬಾಗದಲ್ಲಿ. ಹೇಗಿದ್ದೀ, ತಿಂಡಿ ಆಯಿತಾ ಎಂಬ ಉಪಚಾರವೆಲ್ಲ ನಮ್ಮಲ್ಲಿಲ್ಲ. ನಾನು "ಒಣಾ?" ಎನ್ನುತ್ತೇನೆ. ಆತ "ಒಣ" ಎನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ನನ್ನ ಗಂಡ ಇದನ್ನು ಕೇಳಿ ಕೇಳಿ, "ಅಣ್ಣ-ತಂಗಿ ಒಣಮೀನಿನ ವ್ಯಾಪಾರ ಮಾಡ್ತಾರೆ" ಎಂದು ನೆರೆಮನೆಯಾಕೆಗೆ ಹೇಳಿಬಿಟ್ಟರು. ಆಕೆ ನಂಬಿ, ಒಂದು ಕಿಲೋ ಒಣಸೀಗಡಿ ತಂದುಕೊಡಿ ಎಂದು ನನ್ನ ಬಾಗಿಲಿಗೇ ಬಂದಳು. ಗಂಡನಿಗೆ ಆ ದಿನ ನನ್ನಿಂದ ಚೆನ್ನಾಗಿಯೇ ಮಂಗಳಾರತಿ ಆಯಿತು.

ಒಣಗಿರಬೇಕಾದದ್ದು ಅಣ್ಣನ ಮೂಗು. ಕೆಲವು ವರ್ಷಗಳ ಹಿಂದೆ ಆತನ ಹಣೆಯ ಎಲುಬಿನ ಹಿಂದೆ ಒಂದು ಗಡ್ಡೆ ಬೆಳೆದಿತ್ತು. ಕೆಟ್ಟ ಗಡ್ಡೆಯಲ್ಲ, ಆದರೆ ಇರಬಾರದ ಜಾಗದಲ್ಲಿತ್ತು. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ತಲೆ ತೆರೆದು ಅದನ್ನು ತೆಗೆದರು. ಮನೆಗೆ ಬಂದ ಮೇಲೆ ಊಟ ಸೇರಿತು, ನಿದ್ದೆ ಬಂತು, ಎರಡು ತಿಂಗಳಿಗೆಲ್ಲ ಆತ ಜಗಲಿಯಲ್ಲಿ ಕೂತು ಹರಿದ ಬಲೆ ಹೊಲಿಯಲು ಶುರುಮಾಡಿದ. ಬಲೆಯ ಮೇಲೆ ಬಗ್ಗಿದಾಗೆಲ್ಲ ಮೂಗಿನ ತುದಿಯಿಂದ ತಿಳಿನೀರಿನ ಒಂದು ಹನಿ ತಟ್ಟನೆ ಬೀಳುತ್ತಿತ್ತು. ಹುಟ್ಟಿದಾಗಿನಿಂದ ಸಮುದ್ರದಲ್ಲೇ ನೆಂದವನಿಗೆ ಒಂದು ಹನಿ ಉಪ್ಪುನೀರು ಯಾವ ಲೆಕ್ಕ? ನೆಗಡಿ ಎಂದ. ಅತ್ತಿಗೆ ಶುಂಠಿ, ಕಾಳುಮೆಣಸು ಜಜ್ಜಿ ಕಷಾಯ ಮಾಡಿಕೊಟ್ಟಳು. ಬೇರೆ ಊರಿನವರಾಗಿದ್ದರೆ ಮೂಗಿನಿಂದ ನೀರು ತೊಟ್ಟಿಕ್ಕಿದ್ದಕ್ಕೆ ಹೆದರುತ್ತಿದ್ದರೋ ಏನೋ. ನಮ್ಮ ಮನೆಯಲ್ಲಿ ನೀರು ಕಂಡು ಹೆದರಿದವರು ಯಾರೂ ಇಲ್ಲ.

ಆಗ ಒಂದು ಭಾನುವಾರ ನಾನು ಕೇಣಿಗೆ ಹೋಗಿದ್ದೆ. ಅತ್ತಿಗೆ ನೊಗ್ಲಿ ಮೀನಿನ ಸಾರು ಮಾಡಿದ್ದಳು. ಅಣ್ಣ ತಟ್ಟೆಯ ಮೇಲೆ ಬಗ್ಗಿದ. ಹನಿ ನೇರ ಅನ್ನದ ಮೇಲೆ ಬಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. "ಥೂ! ಮೂಗು ಒರೆಸ್ಕಂಡು ಊಟಕ್ಕೆ ಕೂತ್ಕಳ್ಳೂಕೆ ಆಗುದಿಲ್ವ ನಿಂಗೆ? ಹೇಸಿಗೆ!" ಎಂದೆ. ನನಗಿಂತ ಹತ್ತು ವರ್ಷ ದೊಡ್ಡವನು, ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು. ಎದ್ದು ಹೋಗಿ ಮುಖ ತೊಳೆದು ಬಂದ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತು ಊಟ ಮಾಡಿದ. ಆ ಬೆನ್ನು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅದೇ ವಾರ ಜ್ವರ ಬಂತು. ಕುತ್ತಿಗೆ ಸೆಟೆಯಿತು, ಏನೇನೋ ಬಡಬಡಿಸಿದ. ಮತ್ತೆ ದೊಡ್ಡ ಆಸ್ಪತ್ರೆ. ಮೂಗಿನಿಂದ ಬೀಳುತ್ತಿದ್ದದ್ದು ನೆಗಡಿಯಲ್ಲ, ಮಿದುಳಿನ ಸುತ್ತ ಇರುವ ನೀರು ಎಂದು ಡಾಕ್ಟರು ಹೇಳಿದರು. ಮಿದುಳಿನ ಮೇಲೆ ಗಟ್ಟಿಯಾದ ಒಂದು ಪೊರೆ ಇರುತ್ತದೆ. ಒಳಗಿನ ನೀರು ಹೊರಗೆ ಬಾರದಂತೆ, ಹೊರಗಿನ ಕೊಳೆ ಒಳಗೆ ಹೋಗದಂತೆ ಕಾಯುವುದು ಅದೇ. ಗಡ್ಡೆ ತೆಗೆಯಬೇಕಾದರೆ ಅದನ್ನು ಕತ್ತರಿಸಿಯೇ ಒಳಗೆ ಹೋಗಬೇಕು, ಬರುವಾಗ ಹೊಲಿದು ಬರಬೇಕು. ಅಣ್ಣನ ಹೊಲಿಗೆ ಒಂದು ಕಡೆ ಕೂದಲೆಳೆಯಷ್ಟು ಬಿಟ್ಟಿತ್ತು. ಅದು ಯಾರ ತಪ್ಪೂ ಅಲ್ಲ, ಕೆಲವರಿಗೆ ಹಾಗಾಗುತ್ತದೆಯಂತೆ. ಈ ಸಲ ಆತನ ತೊಡೆಯಿಂದಲೇ ಒಂದು ತುಂಡು ಪೊರೆ ತೆಗೆದು ತೇಪೆ ಹಾಕಿದರು. ಅಣ್ಣ ಬದುಕಿದ. "ನನ್ನ ತಲೇಲಿ ನನ್ನ ತೊಡೆ ಅದೆ, ಇನ್ನು ತಲೆ ಕೆಟ್ರೆ ಕಾಲು ಚಾಚಿ ಮಲಗ್ತೆ" ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ನನಗೆ ಮಾತ್ರ ನಗು ಬರಲಿಲ್ಲ. ಆತನ ಮಿದುಳ ನೀರನ್ನು ನಾನು ಹೇಸಿಗೆ ಎಂದಿದ್ದೆ.

ಕೆಲವು ಕಾಲ ಬಗ್ಗಬೇಡ, ಭಾರ ಎತ್ತಬೇಡ, ತಿಣುಕಬೇಡ ಎಂದು ಡಾಕ್ಟರು ಹೇಳಿದ್ದರು. ಅಣ್ಣ ಆ ಕೆಲವು ಕಾಲವನ್ನು ಜೀವಮಾನವಿಡೀ ಎಂದೇ ತಿಳಿದುಕೊಂಡ. ದೋಣಿ ಬಿಟ್ಟ. ಜಗಲಿಯ ತೊಲೆಗೆ ಎತ್ತರದಲ್ಲಿ ಮೊಳೆ ಹೊಡೆದು, ಅದಕ್ಕೆ ಬಲೆ ನೇತುಹಾಕಿ, ನೆಟ್ಟಗೆ ಕೂತು ಹೊಲಿಯುತ್ತಾನೆ. ಚಪ್ಪಲಿ ಬಿದ್ದರೆ ಕಾಲ್ಬೆರಳಲ್ಲೇ ಎತ್ತಿಕೊಳ್ಳುತ್ತಾನೆ. ಬೆಳಿಗ್ಗೆ ಎದ್ದ ಕೂಡಲೇ ಬಿಳಿ ಕರವಸ್ತ್ರವನ್ನು ಮೂಗಿಗೆ ಒತ್ತಿ ನೋಡುತ್ತಾನೆ. ಆಗ ನನ್ನ ಫೋನು ಹೋಗುತ್ತದೆ.

ನಾನು ಕೆಲಸ ಮಾಡುವುದು ಕಾರವಾರದ ಒಂದು ಕಾಲೇಜಿನ ಪರೀಕ್ಷಾಲಯದಲ್ಲಿ. ಕಬ್ಬಿಣದ ಸರಳು ಎಳೆದು ತುಂಡು ಮಾಡುವುದು, ಸಿಮೆಂಟಿನ ಅಚ್ಚು ಒತ್ತಿ ಒಡೆಯುವುದು, ಎಷ್ಟಕ್ಕೆ ತುಂಡಾಯಿತು, ಎಷ್ಟಕ್ಕೆ ಒಡೆಯಿತು ಎಂದು ಬರೆಯುವುದು. ಹದಿನೈದು ವರ್ಷ ಇದನ್ನೇ ಮಾಡಿದೆ. ನಮ್ಮ ಸರ್ ಕದ್ವಾಡದವರು, ಮನೆಮಾತು ಕೊಂಕಣಿ, ಅಲ್ಲಿಯ ಮರ್ಯಾದೆಯಂತೆ ನನ್ನನ್ನು ಬಾಯಿ ಎಂದು ಕರೆಯುತ್ತಾರೆ. ಎಂದೂ ದನಿ ಏರಿಸಿದವರಲ್ಲ. ಒಂದು ದಿನ ಅವರು ಕವರಿನಿಂದ ಬಿಳಿಯ ತೆಳ್ಳಗಿನ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ನೋಡಲು ನೀರುದೋಸೆಯ ಹಾಗಿತ್ತು.

"ಬಾಯಿ, ಇದು ಮಿದುಳಿನ ಪೊರೆಗೆ ತೇಪೆ. ಬೇರೆ ಊರಿನ ಲ್ಯಾಬಿನವರು ಮಾಡಿದ್ದಾರೆ. ಗಟ್ಟಿ ಇದೆಯೋ, ಹೊಲಿದರೆ ನಿಲ್ತದೋ, ಸೋರ್ತದೋ ನಾವು ನೋಡಿ ಹೇಳಬೇಕು. ನಾವು ಹೂಂ ಅಂದ ಮೇಲೆ ಪ್ರಾಣಿಗೆ, ಆಮೇಲೆ ಮನುಷ್ಯರಿಗೆ."

ನಾನು ಆ ಹಾಳೆಯನ್ನು ಬೆರಳಲ್ಲಿ ಮುಟ್ಟಿದೆ. ಯಾರ ತೊಡೆಯನ್ನೂ ಕೊಯ್ಯಬೇಕಿಲ್ಲ. ಇಂಥದ್ದೊಂದು ಅಣ್ಣನ ಮೊದಲ ಆಪರೇಷನ್ನಿಗೇ ಇದ್ದಿದ್ದರೆ ಎಂದುಕೊಂಡೆ. "ಸರ್, ಈ ಕೆಲಸ ನನಗೇ ಕೊಡಿ. ಬೇರೆಯವರಿಗೆ ಕೊಟ್ಟರೆ ನಾನು ಸುಮ್ಮನಿರುವವಳಲ್ಲ" ಎಂದೆ. ಅವರು ನಕ್ಕರು. ಬೇರೆಯವರು ಎಂದರೆ ಅಲ್ಲಿ ಯಾರೂ ಇರಲಿಲ್ಲ.

ಹಾಳೆಯನ್ನು ಹೊಲಿಯಲು ನಿಜವಾದ ಪೊರೆ ಬೇಕು. ಅದಕ್ಕೆ ಮಾಂಸದಂಗಡಿಗೆ ಹೋದೆ. ಆಡಿನ ತಲೆಯ ಒಳಗಿನ ಪೊರೆ ಬೇಕು, ಹರಿಯಬಾರದು, ಚಾಕು ತಾಗಬಾರದು ಎಂದೆ. ಅಂಗಡಿಯವನು ಕತ್ತಿ ಕೆಳಗಿಟ್ಟು, "ಬಾಯೀ, ಎಲ್ಲರೂ ಮಂಡೆ ತಕಂಡು ಪೊರೆ ಬಿಸಾಡ್ತಾರೆ. ನೀವು ಪೊರೆ ತಕಂಡು ಮಂಡೆ ಬಿಡ್ತ್ರಿ. ಇದು ಯಾವ ನಮೂನಿ ಸುಕ್ಕಾ?" ಎಂದು ಕೇಳಿದ. ಪೊರೆಯನ್ನು ಉಪ್ಪುನೀರಿನಲ್ಲಿಟ್ಟು, ಮೀನು ತರುವ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿ ಒಯ್ಯುತ್ತಿದ್ದೆ. ಕಾಲೇಜಿನ ಗೇಟಿನಲ್ಲಿ ದಿನಾ, "ಇವತ್ತು ಬಾಂಗಡೆಯೋ, ಇಸೋಣವೋ?" ಎಂಬ ತಮಾಷೆ. ಒಂದು ದಿನ ಮುಚ್ಚಳ ತೆಗೆದು ತೋರಿಸಿದೆ. ಮತ್ತೆ ಯಾರೂ ಕೇಳಲಿಲ್ಲ.

ಸೋರುವ ಪರೀಕ್ಷೆ ತೀರ ಸರಳ. ಗೋಡೆಗೆ ಒಂದು ಉದ್ದದ ಪಾರದರ್ಶಕ ನಳಿಗೆ. ಅದರ ಕೆಳತುದಿಯಲ್ಲಿ ಬಟ್ಟಲು, ಬಟ್ಟಲಿನ ತಳಕ್ಕೆ ಆಡಿನ ಪೊರೆ. ಪೊರೆಯಲ್ಲಿ ರೂಪಾಯಿಯಷ್ಟಗಲ ತೂತು ಮಾಡಿ, ಅದಕ್ಕೆ ನಮ್ಮ ಹಾಳೆಯ ತೇಪೆ ಹೊಲಿಯಬೇಕು. ಮೇಲಿನಿಂದ ನೀಲಿ ಬಣ್ಣದ ಉಪ್ಪುನೀರು ಹೊಯ್ಯುತ್ತ ಹೋಗಬೇಕು. ನಳಿಗೆಯ ಮೇಲೆ ಒಂದು ಕಡೆ ಕೆಂಪು ಗೆರೆ. ಮನುಷ್ಯ ಜೋರಾಗಿ ಕೆಮ್ಮಿದರೆ, ತಿಣುಕಿದರೆ ತಲೆಯೊಳಗೆ ಎಷ್ಟು ಒತ್ತಡ ಏಳುತ್ತದೋ ಅಷ್ಟಕ್ಕೆ ಆ ಗೆರೆ. ನೀರು ಅಲ್ಲಿಗೆ ಮುಟ್ಟಿ ಅರ್ಧ ಗಂಟೆ ನಿಂತರೂ ಕೆಳಗಿನ ಸ್ಟೂಲಿನ ಮೇಲಿಟ್ಟ ಬಿಳಿ ಕಾಗದದ ಮೇಲೆ ಹನಿ ಬೀಳಬಾರದು. ಬಿದ್ದರೆ ಆ ತುಂಡು ಫೇಲು.

ಗೆರೆ ಎಲ್ಲಿರಬೇಕು ಎಂದು ಹೇಳಿದವರು ತಲೆಯ ಆಪರೇಷನ್ ಮಾಡುವ ಒಬ್ಬ ಮೇಡಂ. ಮೊದಲ ಮೂರು ತುಂಡು ಅವರೇ ಹೊಲಿದು ತೋರಿಸಿದರು. ಬಾಗಿದ ಸಣ್ಣ ಸೂಜಿ, ಕೂದಲಿನಂಥ ಕಪ್ಪು ದಾರ. ಸೂಜಿ ಒಳಗೆ, ಹೊರಗೆ, ಮುಂದೆ. ಮತ್ತೆ ಒಳಗೆ, ಹೊರಗೆ, ಮುಂದೆ. ಸಾದಾ ಹೊಲಿಗೆ. ಆ ಮೂರನ್ನೂ ನಾವು ಕೈ ಪಳಗಿಸಲೆಂದು ಬರೀ ರಬ್ಬರಿನ ಮೇಲೆ ಹೊಲಿಸಿದ್ದೆವು, ನೀರು ಹೊಯ್ದು ನೋಡಿರಲಿಲ್ಲ. ನಾಲ್ಕನೆಯದನ್ನು ನಾನು ಹೊಲಿದೆ. ಮೇಡಂ ದೂರ ಹಿಡಿದು ನೋಡಿ, "ಅಕ್ಕಾ, ನಿಮ್ಮ ಕೈ ನಮ್ಮ ಕೈಗಿಂತ ನೀಟಾಗಿದೆಯಲ್ಲ! ನನಗೆ ದಿನಾ ಬರುವುದಕ್ಕಾಗುವುದಿಲ್ಲ, ಇನ್ನು ನೀವೇ ಹೊಲಿದುಬಿಡಿ" ಎಂದರು. ಬಲೆ ಹೊಲಿಯುವ ಮನೆಯವಳು ನಾನು. ಏಳು ವರ್ಷಕ್ಕೇ ಅಣ್ಣನ ಪಕ್ಕ ಕೂತು ಸೂಜಿ ಹಿಡಿದವಳು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ ಎಂದರೂ ಸರಿಯೇ. ಸಂಜೆ ಅಣ್ಣನಿಗೆ ಎರಡನೇ ಸಲ ಫೋನ್ ಮಾಡಿ ಹೇಳಿಕೊಂಡೆ.

ಒಂದಾದ ಮೇಲೊಂದು ತುಂಡು ಹೊಲಿದೆ. ಒಂದೂ ಸೋರಲಿಲ್ಲ. ನೀರು ಕೆಂಪು ಗೆರೆ ದಾಟಿ ಮೇಲೆ ಹೋದರೂ ಕೆಳಗಿನ ಕಾಗದ ಒಣಗಿಯೇ ಇತ್ತು. ಸರ್ ಒಂದೊಂದಕ್ಕೂ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದರು. ಅವರ ನಿವೃತ್ತಿಗೆ ಒಂದು ತಿಂಗಳು ಉಳಿದಿತ್ತು. ಮೂವತ್ತು ವರ್ಷ ಸೇತುವೆಗೂ ಸಂಡಾಸಿಗೂ ಸಿಮೆಂಟು ಪರೀಕ್ಷೆ ಮಾಡಿದವರಿಗೆ ಕೊನೆಗೊಂದು ಮನುಷ್ಯರ ತಲೆಯ ಕೆಲಸ ಸಿಕ್ಕಿತ್ತು. "ಇದೊಂದು ವರದಿ ಹೋಯ್ತು ಅಂದ್ರೆ ನಾನು ಕದ್ವಾಡದಲ್ಲಿ ಆರಾಮಾಗಿ ಹರಿವೆ ಸೊಪ್ಪು ಬೆಳೆಸ್ತೆ ಬಾಯಿ" ಎನ್ನುತ್ತಿದ್ದರು. ವರದಿ ಹೋಗಬೇಕಾದದ್ದು ಶುಕ್ರವಾರ ಎಂದು ಗೊತ್ತಾಯಿತು.

ಅದರ ಹಿಂದಿನ ವಾರ ಮೇಡಂ ಚಹಾ ಕುಡಿಯಲು ಬಂದವರು, ಅಲ್ಲಿ ಉಳಿದಿದ್ದ ಒಂದು ತುಂಡು ಕಂಡು, "ಕೊಡಿ, ನಾನೂ ಒಂದು ಹೊಲೀತೀನಿ" ಎಂದು ಕೂತರು. ಹೊಲಿದರು. ನೀರು ಹೊಯ್ದೆ. ಗೆರೆಗೆ ಇನ್ನೂ ಒಂದು ಗೇಣು ಇರುವಾಗಲೇ ಬಟ್ಟಲಿನ ತಳದಲ್ಲಿ ನೀಲಿ ಹನಿಯೊಂದು ಉಬ್ಬಿ, ತೂಗಿ, ಕಾಗದದ ಮೇಲೆ ಬಿತ್ತು. ಮೇಡಂ ಜೋರಾಗಿ ನಕ್ಕರು. "ನೋಡಿ, ನನ್ನ ಕೈ ಹಾಳಾಯಿತು. ಇನ್ನು ನೀವೇ ಬಂದು ನನ್ನ ಥಿಯೇಟರಿನಲ್ಲಿ ನಿಂತುಕೊಳ್ಳಿ ಅಕ್ಕಾ." ಸರ್ ನಕ್ಕರು. ನಾನಂತೂ ಎಲ್ಲರಿಗಿಂತ ಹೆಚ್ಚು ನಕ್ಕೆ. ಚಹಾಕ್ಕೆಂದು ಬಂದು ಗಡಿಬಿಡಿಯಲ್ಲಿ ಹೊಲಿದದ್ದು, ಅದನ್ನು ಯಾರು ಹಿಡಿಯುತ್ತಾರೆ ಎಂದು ಸರ್ ಅದನ್ನು ಪಟ್ಟಿಗೆ ಸೇರಿಸಲೇ ಇಲ್ಲ.

ಭಾನುವಾರ ಕೇಣಿಗೆ ಹೋದೆ. ಅಣ್ಣ ಮೊಳೆಗೆ ಬಲೆ ಹಾಕಿ, ನೆಟ್ಟಗೆ ಕೂತು ಹೊಲಿಯುತ್ತಿದ್ದ. ಪಕ್ಕದ ಕರಟದಲ್ಲಿ ನೀರು. ನಾನು ಗೋಡೆಗೊರಗಿ ಅವಲಕ್ಕಿ ತಿನ್ನುತ್ತ ಸುಮ್ಮನೆ ಆತನ ಕೈ ನೋಡುತ್ತಿದ್ದೆ. ಸೂಜಿ ಹೊರಗೆ ಬಂತು. ಮುಂದೆ ಹೋಗಲಿಲ್ಲ. ಹಿಂದಿನ ಕುಣಿಕೆಯ ಅಡಿಯಲ್ಲಿ ಒಮ್ಮೆ ನುಸುಳಿ, ಅರ್ಧ ಸುತ್ತು ಹಾಕಿತು. ಅಣ್ಣ ದಾರಕ್ಕೆ ಕರಟದ ನೀರು ಮುಟ್ಟಿಸಿ, ಕಿರುಬೆರಳಲ್ಲಿ ಎಳೆದು ಬಿಗಿದ. ಆಮೇಲೆ ಮುಂದಿನದು.

 ಅವಲಕ್ಕಿಯ ತಟ್ಟೆ ಕೆಳಗಿಟ್ಟೆ.

"ಅಣ್ಣಾ, ಆ ಅರ್ಧ ಸುತ್ತು ಎಂತಕೆ?" ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ಹುಚ್ಚಿ, ನಿಂಗೆ ಗೊತ್ತಿಲ್ವ? ಬಲೆಯ ಒಂದು ಕಣ್ಣು ಹರಿದ್ರೆ ಪಕ್ಕದ ಕಣ್ಣು ಬಿಡೂಕಾಗ. ಅದ್ಕೆ ಒಂದೊಂದಕ್ಕೂ ಬೀಗ."

ಅಲ್ಲಿಂದ ಮುಂದೆ ಆತ ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ. ಸೋಮವಾರ ಬೆಳಿಗ್ಗೆ ಸರ್ ಬರುವ ಮೊದಲೇ ಕಂಪ್ಯೂಟರು ತೆರೆದು ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಇತ್ತು. ನಾನು ಹೊಲಿದ ಮೊದಲ ತುಂಡಿನಲ್ಲಿತ್ತು, ಕೊನೆಯದರಲ್ಲಿತ್ತು, ನಡುವಿನ ಎಲ್ಲದರಲ್ಲೂ ಇತ್ತು. ಒಂದೊಂದು ಹೊಲಿಗೆಯ ಪಕ್ಕದಲ್ಲೂ ಎಳ್ಳಿನಷ್ಟು ಸಣ್ಣ ಗಂಟು, ನೀಟಾದ ಅಂಚಿನ ಹಾಗೆ. ದಾರವನ್ನು ಉಪ್ಪುನೀರಿನ ಬಟ್ಟಲಿಗೆ ಮುಟ್ಟಿಸಿ ಎಳೆಯುತ್ತಿದ್ದದ್ದೂ ಈಗ ನೆನಪಾಯಿತು. ಸಾದಾ ಹೊಲಿಗೆ ಎಂದು ಪರೀಕ್ಷೆಯ ಕ್ರಮದ ಕಾಗದದಲ್ಲಿ ಬರೆದಿತ್ತು. ಸಾದಾ ಹೊಲಿಗೆ ಎಂದೇ ನಾನೂ ತಿಳಿದಿದ್ದೆ. ನನ್ನ ಕೈ ನನ್ನನ್ನು ಕೇಳದೆ ಬಲೆ ಹೊಲಿದಿತ್ತು.

ಸೂಜಿ ಚುಚ್ಚಿದ ತೂತು ಎಳೆತಕ್ಕೆ ಅಗಲವಾಗುವುದು ಆ ಹಾಳೆಯ ದೋಷ. ಸಾದಾ ಹೊಲಿಗೆಯಲ್ಲಿ ಎಳೆತ ಉದ್ದಕ್ಕೂ ಹರಿದು ಒಂದು ತೂತಿನ ಮೇಲೆ ಬೀಳುತ್ತದೆ, ತೂತು ಬಾಯಿ ಬಿಡುತ್ತದೆ. ನನ್ನ ಗಂಟು ಅದನ್ನು ಅಲ್ಲಲ್ಲೇ ತಡೆದು, ಹಾಳೆಯ ಮಾನ ಕಾಪಾಡಿತ್ತು. ಮೇಡಂ ಕೈ ಹಾಳಾಗಿರಲಿಲ್ಲ. ಅವರ ಕೈ ನಿಜ ಹೇಳಿತ್ತು, ನಾವು ನಕ್ಕಿದ್ದೆವು.

ಸೋಮವಾರ ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ. ಸುಳ್ಳು ಹೇಳಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದು ಒಳಗಿನಿಂದ ಯಾರೋ ಹೇಳುತ್ತಲೇ ಇದ್ದರು. ನೋಡಬೇಕಾದವರೇ ನೋಡಲಿಲ್ಲ, ನನ್ನದೇನು ತಪ್ಪು ಎಂದು ಸಿಟ್ಟೂ ಬಂತು. ಪಾಪ, ಸರ್ ಮಾತ್ರ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ ವರದಿ ಬರೆಯುತ್ತ ಕೊಂಕಣಿಯಲ್ಲಿ ಏನೋ ಗುನುಗುತ್ತಿದ್ದರು. ನಾನು ಆ ಎರಡು ದಿನ ಮೀನಿನವಳ ಜೊತೆ ಜಗಳವಾಡಿದೆ, ಬಸ್ಸಿನ ಕಂಡಕ್ಟರನ ಜೊತೆ ಜಗಳವಾಡಿದೆ, ಸಾರಿಗೆ ಉಪ್ಪು ಹಾಕದೆ ಗಂಡನ ಜೊತೆ ಜಗಳವಾಡಿದೆ.

ಬುಧವಾರ ಬೆಳಿಗ್ಗೆ ಏಳಕ್ಕೆ, "ಒಣಾ?" ಎಂದೆ.

"ಒಣ" ಎಂದ ಅಣ್ಣ. ಆದರೆ ಫೋನ್ ಇಡಲಿಲ್ಲ. "ತಂಗೀ, ನಿನ್ನ ದನಿ ಎಂತಕೆ ಹಿಂಗಾಗದೆ? ಭಾನುವಾರನೂ ಅರ್ಧ ತಿಂಡಿ ಬಿಟ್ಟು ಎದ್ಕಂಡು ಹೋದೆ. ಎಂತ ಆಯ್ತು ಹೇಳು."

ಹೇಳಿದೆ. ಗಂಟು, ಫೋಟೋ, ಶುಕ್ರವಾರ, ಸರ್ ನಿವೃತ್ತಿ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಈಗ ಎಂತ ಮಾಡ್ಲಿ ಎಂದು ಕೇಳುತ್ತ ಅತ್ತುಬಿಟ್ಟೆ.  ಅಣ್ಣನ ಹಿಂದೆ ಅತ್ತಿಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ನನ್ನ ತಲೆ ಹೊಲ್ದದ್ದು ನೀನಾ?" ಎಂದು ಕೇಳಿದ.

"ಎಂತ ಹೇಳ್ತೆ ಅಣ್ಣಾ? ನಾ ಹೆಂಗೆ ಹೊಲೀಲಿ?"

"ಅಲ್ಲ ಅಲ್ದ? ಯಾರೋ ಡಾಕ್ಟರು ಹೊಲ್ದ್ರು. ಅವ್ರಿಗೆ ಆ ದಿನ ಎಷ್ಟು ಸಾಕಾಗಿತ್ತೋ ಏನೋ. ನಾಳೆ ಇನ್ಯಾರದೋ ತಲೆ ಹೊಲೂದು ಅಂಥವ್ರೇ. ನೀ ಅಲ್ಲಿ ಹೋಗಿ ನಿಲ್ಲುದಿಲ್ಲ."

"ಹೌದು."

"ಮತ್ತೆ ಎಂತಕೆ ಕೇಳ್ತೆ?" ಎಂದು ಫೋನ್ ಇಟ್ಟ.

ಆ ದಿನ ಬಸ್ಸು ಕಾಯಲಿಲ್ಲ, ರಿಕ್ಷಾ ಹಿಡಿದೆ. ಇಲ್ಲದಿದ್ದರೆ ನಡುದಾರಿಯಲ್ಲಿ ಮನಸ್ಸು ಬದಲಾಗುತ್ತಿತ್ತು. ಸರ್ ಒಳಗೆ ಬಂದು ಚೀಲ ಇಡುವ ಮೊದಲೇ ಹೇಳಿದೆ. ಫೋಟೋ ದೊಡ್ಡದು ಮಾಡಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನೋಡಿದರು.

"ಎಷ್ಟು ತುಂಡಿನಲ್ಲಿ?"

"ಎಲ್ಲದರಲ್ಲಿ ಸರ್."

"ಎಲ್ಲಾ?"

"ಎಲ್ಲಾ."

ಅವರು ಕುರ್ಚಿಯಲ್ಲಿ ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಕಡೆ ನೋಡದೆ, "ನೀವು ಹೇಳದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ ಬಾಯಿ" ಎಂದರು. ಅದು ಹೊಗಳಿಕೆಯೋ, ದೂರೋ ನನಗೆ ತಿಳಿಯಲಿಲ್ಲ. ದೂರೆಂದೇ ಅನಿಸಿ ನನ್ನ ಪಿತ್ತ ನೆತ್ತಿಗೇರಿತು.

"ನಿಮಗೆ ಗೊತ್ತಾಗ್ತಿರಲಿಲ್ಲ ಸರ್. ಯಾರದೋ ಮೂಗಿಗೆ ಗೊತ್ತಾಗ್ತಿತ್ತು" ಎಂದುಬಿಟ್ಟೆ.

ಅಣ್ಣನ ವಿಷಯ ಅವರಿಗೆ ಗೊತ್ತಿತ್ತು. ತಲೆ ತಗ್ಗಿಸಿದರು. ಆಮೇಲೆ ಎದ್ದು ಮೇಡಂಗೆ ಫೋನ್ ಮಾಡಿದರು. "ನಿಮ್ಮ ಆಪರೇಷನ್ ಎಲ್ಲ ಮುಗಿದ ಮೇಲೆ ಬನ್ನಿ. ಸಾಕಾಗಿ ಬನ್ನಿ. ಅದೇ ಬೇಕು ನಮಗೆ" ಎಂದರು.

ಮೇಡಂ ಬುಧವಾರ ಸಂಜೆ ಬಂದರು, ಗುರುವಾರ ಸಂಜೆಯೂ ಬಂದರು. ಭುಜ ಇಳಿಬಿದ್ದಿತ್ತು, ಬೆರಳುಗಳು ಕೈಗವಸಿನೊಳಗೆ ನೆಂದು ಸುಕ್ಕಾಗಿದ್ದವು. ಹೊಲಿದರು. ಈ ಸಲ ಯಾರೂ ತಮಾಷೆ ಮಾಡಲಿಲ್ಲ. ನಾನು ನೀರು ಹೊಯ್ದೆ. ಒಂದು ತುಂಡು ಮಾತ್ರ ನೀರು ಕೆಂಪು ಗೆರೆ ಮುಟ್ಟಿದರೂ ತಡೆಯಿತು. ಉಳಿದವೆಲ್ಲ ಸೋರಿದವು. ಕಾಗದದ ಮೇಲೆ ನೀಲಿ ಚುಕ್ಕೆ ಬಿದ್ದಾಗೆಲ್ಲ ಸರ್ ತಮ್ಮ ಕೈಯಾರೆ "ಸೋರಿತು" ಎಂದು ಬರೆದರು. ಸಿಟ್ಟಿಲ್ಲದೆ, ದುಂಡಗಿನ ಅಕ್ಷರದಲ್ಲಿ, ಸೋರಿತು, ಸೋರಿತು, ಸೋರಿತು. ನನ್ನ ತುಂಡುಗಳ ವಿಷಯವನ್ನೂ ಅವರು ಮುಚ್ಚಿಡಲಿಲ್ಲ. ಹೊಲಿದವರ ಕೈ ಹೀಗೆ ಗಂಟು ಹಾಕಿತ್ತು, ಆದ್ದರಿಂದ ಲೆಕ್ಕಕ್ಕಿಲ್ಲ ಎಂದು ಬರೆದರು. ಶುಕ್ರವಾರ ವರದಿ ಹೋಯಿತು. ಈ ಹಾಳೆ ಮುಂದಕ್ಕೆ ಹೋಗುವುದು ಬೇಡ ಎಂದು ಅದರಲ್ಲಿತ್ತು.

ತಿಂಗಳ ಕೊನೆಗೆ ಸರ್‌ಗೆ ಶಾಲು ಹೊದಿಸಿ ಕಳಿಸಿದೆವು. ಎಲ್ಲರೂ ಅವರ ಸೇತುವೆಗಳ ಬಗ್ಗೆ ಮಾತಾಡಿದರು, ಹಾಳೆಯ ಬಗ್ಗೆ ಯಾರೂ ಎತ್ತಲಿಲ್ಲ. ನಾನು ಲಾಡು ಮುಟ್ಟಲಿಲ್ಲ. ಮೊದಲ ತುಂಡಿನಲ್ಲೇ ನನ್ನ ಕೈ ನಾನು ನೋಡಿಕೊಂಡಿದ್ದರೆ ಅವರಿಗೆ ಇನ್ನೊಂದು ಹಾಳೆ ನೋಡುವಷ್ಟು ಸಮಯ ಸಿಗುತ್ತಿತ್ತು. ಅದನ್ನು ಹೇಳಿಯೂಬಿಟ್ಟೆ. ಅವರು, "ಹಾಳೆ ಮತ್ತೆ ಬರ್ತದೆ ಬಾಯಿ, ಬಂದಾಗ ಕರೀರಿ" ಎಂದು ಸ್ಕೂಟರ್ ಹತ್ತಿ ಹೋದರು.

ಹಾಳೆ ಬಂದದ್ದು ಮಳೆಗಾಲ ಕಳೆದ ಮೇಲೆ. ತೂತು ಅಗಲವಾಗದಂತೆ ಏನು ಮಾಡಿದ್ದಾರೋ, ಅದು ಮಾಡಿದವರ ವಿದ್ಯೆ. ನೋಡಲು ಹಿಂದಿನದರ ಹಾಗೆಯೇ ಇತ್ತು. ಈಗ ಲ್ಯಾಬಿನಲ್ಲಿ ಹೊಸ ನಿಯಮ: ನಾನು ಸೂಜಿ ಮುಟ್ಟುವಂತಿಲ್ಲ. ಆ ನಿಯಮ ಬರೆದು ಗೋಡೆಗೆ ಅಂಟಿಸಿದವಳು ನಾನೇ. ಮೇಡಂ ಹೊಲಿಯುವ ದಿನ ಗೊತ್ತುಮಾಡಿ ಸರ್‌ಗೆ ಫೋನ್ ಮಾಡಿದೆ. ಅಣ್ಣನೂ ಅದೇ ದಿನ ವರ್ಷದ ತಪಾಸಣೆಗೆಂದು ಕಾರವಾರಕ್ಕೆ ಬಂದಿದ್ದ. ಮುಗಿಸಿಕೊಂಡು, "ನಿನ್ನ ಆ ನಳಿಗೆ ತೋರ್ಸೇ, ನೋಡ್ವ" ಎಂದು ನನ್ನ ಹಿಂದೆಯೇ ಬಂದ.

ಸರ್ ಒಂದು ಚೀಲ ಹರಿವೆ ಸೊಪ್ಪು ತಂದಿದ್ದರು. ಮೇಡಂ ಬರುವಾಗ ಸಂಜೆಯಾಗಿತ್ತು. ನಿಂತು ನಿಂತು ಕಾಲು ಊದಿದೆ ಎನ್ನುತ್ತ ಚಪ್ಪಲಿ ಕಳಚಿ ಕೂತು ಹೊಲಿದರು. ಒಂದು ಕಡೆ ಹೊಲಿಗೆ ಸ್ವಲ್ಪ ಸೊಟ್ಟಗೂ ಆಯಿತು. ನನ್ನ ಕೈ ತುರಿಸಿತು, ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಬಟ್ಟಲನ್ನು ನಳಿಗೆಗೆ ಜೋಡಿಸಿದೆವು. ಸ್ಟೂಲಿನ ಮೇಲೆ ಬಿಳಿ ಕಾಗದ ಇಟ್ಟೆ. ಅಣ್ಣ ಗೋಡೆ ಪಕ್ಕ ನೆಟ್ಟಗೆ ನಿಂತಿದ್ದ.

ನೀರು ಹೊಯ್ದೆ. ಹಿಂದಿನ ಹಾಳೆ ಸೋರಿದ ಎತ್ತರ ದಾಟಿತು. ಕೆಂಪು ಗೆರೆ ಮುಟ್ಟಿತು. ಸರ್ ಗಡಿಯಾರ ನೋಡಿಕೊಂಡರು.  ಹತ್ತು ನಿಮಿಷ. ಇಪ್ಪತ್ತು. ಅರ್ಧ ಗಂಟೆ ಆಗುತ್ತ ಬಂದಾಗ ಬಟ್ಟಲಿನ ತಳದಲ್ಲಿ ಏನೋ ಮಿನುಗಿದ ಹಾಗೆ ಕಂಡಿತು.

"ಹನಿಯಾ ಅದು?" ಎಂದರು ಮೇಡಂ.

ಅಣ್ಣ ಎರಡು ಹೆಜ್ಜೆ ಮುಂದೆ ಬಂದ. ಮೊಣಕಾಲಿಗೆ ಕೈ ಕೊಟ್ಟು ಬಗ್ಗಿದ. ಬಟ್ಟಲಿನ ಅಡಿಗೆ ತಲೆ ಹಾಕಿ, ಕುತ್ತಿಗೆ ತಿರುಗಿಸಿ, ಕೆಳಗಿನಿಂದ ನೋಡತೊಡಗಿದ.  ಆ ಎರಡನೇ ಆಪರೇಷನ್ ಆದಮೇಲೆ ಆತ ಬಗ್ಗಿದ್ದನ್ನು ನಾನು ಕಂಡಿರಲಿಲ್ಲ. ಆತನ ಮೂಗಿನ ತುದಿ ಬಿಳಿ ಕಾಗದದ ಮೇಲೆ ಒಂದು ಗೇಣಿನ ಎತ್ತರದಲ್ಲಿ ನಿಂತಿತ್ತು.

"ದೀಪದ ಬೆಳಕು ಅದು" ಎಂದ ಅಣ್ಣ ಅಲ್ಲಿಂದಲೇ. "ನೀರಲ್ಲ."

"ಟೈಮ್ ಆಯ್ತು" ಎಂದರು ಸರ್.  "ಕಾಗದ ಹೆಂಗಿದೆ? ಬಾಯಿ, ಕಾಗದ ನೋಡಿ ಹೇಳಿ."

ಎಲ್ಲರೂ ಕಾಗದ ನೋಡುತ್ತಿದ್ದರು. ನಾನು ಅಣ್ಣನ ಮೂಗು ನೋಡುತ್ತಿದ್ದೆ.

"ಒಣ" ಎಂದೆ.